ಎವೆಲಿಯೊ ಬಾಯಿಂದ ಬಂದ ಹೆಸರು

ಕೊಲಂಬಿಯಾದ ಕಾಲಿ ನಗರದಲ್ಲಿ ಬಸ್ ಓಡಿಸುತ್ತಿದ್ದ ಎವೆಲಿಯೊ ಬೀದಿಯ ಪುಂಡರಿಗೆ ಮಾಮೂಲು ಕೊಡಲು ಒಪ್ಪಲಿಲ್ಲ. ಅವರು ಬಸ್ಸಿಗೇ ನುಗ್ಗಿ ಗುಂಡು ಹಾರಿಸಿದರು. ಪಕ್ಕದಲ್ಲಿದ್ದ ತಮ್ಮ ಅಲ್ಲೇ ಸತ್ತ. ಎವೆಲಿಯೊನ ತಲೆಯ ಎಡಭಾಗ ಸೀಳಿದ ಗುಂಡು ಜೀವವೊಂದನ್ನು ಬಿಟ್ಟು ಬಲಗೈಯ ಶಕ್ತಿಯನ್ನೂ ಮಾತನ್ನೂ ಕಿತ್ತುಕೊಂಡಿತು. ಉಳಿದದ್ದು ಒಂದೇ ಪದ, ‘ನಾಳೆ’. ಹಸಿವಾದರೂ ನಾಳೆ, ಅಳು ಬಂದರೂ ನಾಳೆ.

ನಿದಿಯಾ ಅವನ ಮನೆಗೆ ಬರತೊಡಗಿದ್ದು ತನ್ನ ಪಿಎಚ್‌ಡಿಗಾಗಿ. ಗುಂಡೇಟಿನಿಂದ ಮಾತು ಹೋದವರಿಗೆ ಅದನ್ನು ಮರಳಿ ಕಲಿಸುವ ಬಗೆಯೇ ಅವಳ ಸಂಶೋಧನೆ. ಆ ಊರಿನಲ್ಲಿ ಅಂಥವರಿಗೇನೂ ಬರವಿರಲಿಲ್ಲ.

ಒಂದು ಬೆಳಿಗ್ಗೆ ಚಿತ್ರಗಳನ್ನು ತೋರಿಸುತ್ತಿದ್ದಾಗ ಎವೆಲಿಯೊ ಬೆವರಿ, ತುಟಿ ಕಚ್ಚಿ, ಸ್ಪಷ್ಟವಾಗಿ ಹೇಳಿದ: "ಫಾಬರ್."

ಅವನ ತಾಯಿ ದೋಮಿತಿಲಾ ಓಡಿಹೋಗಿ ಕಿಟಕಿ ಮುಚ್ಚಿದಳು. ಫಾಬರ್ ಹಿಂದಿನ ಬೀದಿಯ ಪುಂಡ.

"ಗುಂಡು ಹೊಡೆದೋನು ಅವ್ನೇನಾ?" ನಿದಿಯಾ ಕೇಳಿದಳು.

"ನನ್ನೇನ್ ಕೇಳ್ತೀಯ ಡಾಕ್ಟ್ರಮ್ಮ. ಬಾಯಿ ಬಿಡಿಸ್ದೋಳು ನೀನು."

ಆದರೆ ಗಲ್ಲಿಯಲ್ಲಿ ಯಾರೋ ಕೇಳಿಸಿಕೊಂಡಾಗಿತ್ತು. ಮಧ್ಯಾಹ್ನ ಫಾಬರ್ ಬಾಗಿಲು ಒದ್ದು ಒಳಗೆ ಬಂದ. ಕೈಯಲ್ಲಿ ಪಿಸ್ತೂಲು.

"ಮಾತು ಬಂತಂತೆ ಇವ್ನಿಗೆ?"

"ಇಲ್ಲ, ಒಂದೇ ಪದ ಬರೋದು," ಎಂದಳು ನಿದಿಯಾ.

ಅವನು ಪಿಸ್ತೂಲಿನ ಹಿಡಿಯಿಂದ ಅವಳ ಬಾಯಿಗೆ ಹೊಡೆದ. ಎರಡು ಹಲ್ಲು ನೆಲಕ್ಕೆ ಬಿದ್ದವು. ಆಮೇಲೆ ಎವೆಲಿಯೊನ ತಲೆಯ ಹಳೆಯ ಗಾಯದ ಮೇಲೆ ಹೆಬ್ಬೆರಳು ಒತ್ತಿದ. "ಹೇಳು, ನಾನ್ಯಾರು?"

"ನಾಳೆ," ಎಂದು ಎವೆಲಿಯೊ ಕಿರುಚಿದ. "ನಾಳೆ, ನಾಳೆ."

ಬೆಳಿಗ್ಗೆ ಅಷ್ಟು ಕಷ್ಟಪಟ್ಟು ಬಂದ ಹೆಸರನ್ನು ಅವನು ಬೇಕೆಂದೇ ನುಂಗಿಕೊಳ್ಳುತ್ತಿದ್ದಾನೆಂದು ನಿದಿಯಾಗೆ ಅವನ ಕಣ್ಣು ನೋಡಿಯೇ ತಿಳಿಯಿತು. ಫಾಬರ್‌ಗೂ ತಿಳಿಯಿತು. ಪಿಸ್ತೂಲನ್ನು ಅವನ ಹಣೆಗಿಟ್ಟ.

ಅಷ್ಟರಲ್ಲಿ ದೋಮಿತಿಲಾ ಬಾಳೆಕಾಯಿ ಕರಿಯುತ್ತಿದ್ದ ಬಾಣಲೆಯನ್ನು ಎತ್ತಿ ತಂದು ಕುದಿಯುವ ಎಣ್ಣೆಯನ್ನು ಫಾಬರ್‌ನ ಮುಖಕ್ಕೆ ಸುರಿದಳು. ಚರ್ಮ ಸುಲಿದು ಬಂತು. ಅವನು ಕುರುಡಾಗಿ ಹಾರಿಸಿದ ಗುಂಡು ಗೋಡೆಗೆ ತಗುಲಿತು, ಪಿಸ್ತೂಲು ಕೈಜಾರಿತು. ಎವೆಲಿಯೊ ಕುರ್ಚಿಯಿಂದ ಉರುಳಿ ಎಡಗೈಯಲ್ಲಿ ಅದನ್ನು ಹಿಡಿದ.

"ಬೇಡ," ಎಂದಳು ನಿದಿಯಾ, ಬಾಯಿ ತುಂಬ ರಕ್ತ.

ಅವನು ಎರಡು ಸಲ ಹಾರಿಸಿದ. ಫಾಬರ್ ಹೊಸ್ತಿಲ ಮೇಲೆ ಸ್ವಲ್ಪ ಹೊತ್ತು ಒದ್ದಾಡಿ ಸತ್ತ.

ಪೊಲೀಸರು ಆತ್ಮರಕ್ಷಣೆಯೆಂದು ಬರೆದುಕೊಂಡರು. ಫಾಬರ್‌ನ ಕಡೆಯವರು ಹಾಗೆಂದುಕೊಳ್ಳಲಿಲ್ಲ. ಆ ರಾತ್ರಿಯೇ ತಾಯಿ ಮಗ ಪಾಸ್ತೊ ಊರಿಗೆ ಓಡಿದರು. ನಿದಿಯಾ ತನ್ನ ಪ್ರಬಂಧದಿಂದ ಎವೆಲಿಯೊನನ್ನು ಪೂರ್ತಿ ತೆಗೆದಳು. ಎಲ್ಲಿದ್ದಾನೆಂಬ ಸುಳಿವು ಯಾರಿಗೂ ಸಿಗಬಾರದಿತ್ತು. ಮಾರ್ಗದರ್ಶಕರು ಸಿಡುಕಿದರು, ಪದವಿ ಒಂದು ವರ್ಷ ತಡವಾಯಿತು.

ಆದರೂ ಅವಳು ಪಾಸ್ತೊಗೆ ಹೋಗುವುದನ್ನು ಬಿಡಲಿಲ್ಲ. ಒಂದು ಮಧ್ಯಾಹ್ನ ಪಾಠ ಮುಗಿಸಿ ಎದ್ದಾಗ ಎವೆಲಿಯೊ ಅವಳ ತೋಳು ಹಿಡಿದು, ತಡವರಿಸುತ್ತ, ಮೊದಲ ಬಾರಿಗೆ ತಾನೇ ಒಂದು ಪ್ರಶ್ನೆ ಕೇಳಿದ.

"ನಂಗೆ... ಹೆದ್ರ್ತೀಯಾ?"

ನಿದಿಯಾ ಸುಳ್ಳು ಹೇಳಲಿಲ್ಲ. "ಒಂದೊಂದ್ಸಲ," ಎಂದು ಮತ್ತೆ ಅವನ ಪಕ್ಕದಲ್ಲೇ ಕೂತಳು.