ಅಂಜನ್‌ನ ಉಸಿರು ಎಣಿಸಿದ ಬೆಳಗು

ಡಿಸೆಂಬರಿನ ಮಂಜು ದೊಡ್ಡಬಳ್ಳಾಪುರದ ಓಣಿಗಳಿಂದ ಇನ್ನೂ ಎದ್ದಿರಲಿಲ್ಲ. ಮಗ್ಗಗಳ ಸದ್ದು ಎಲ್ಲೋ ದೂರದಿಂದ ತೇಲಿ ಬಂದಂತೆ ಕೇಳುತ್ತಿತ್ತು. ಅರುಣಾ ನಾಲ್ಕು ತಿಂಗಳ ಮಗ ಅಂಜನ್‌ಗೆ ಹಾಲು ಕುಡಿಸಲು ಕೂತಿದ್ದಳು. ಮಗು ಎರಡು ಗುಟುಕು ಕುಡಿದು ಬಾಯಿ ಬಿಟ್ಟುಬಿಟ್ಟಿತು. ಮೂರು ದಿನದಿಂದ ನೆಗಡಿ. ಇವತ್ತು ಎದೆಯಲ್ಲಿ ಸಣ್ಣಗೆ ಸುಂಯ್ ಎನ್ನುವ ಸದ್ದು.

“ಅತ್ತೆ, ಇವ್ನು ಹಾಲೇ ಕುಡೀತಿಲ್ಲ.”

ಅತ್ತೆ ನಾಗಲಕ್ಷ್ಮಮ್ಮ ಕೆಂಡದ ಮೇಲೆ ಸಾಂಬ್ರಾಣಿ ಉದುರಿಸುತ್ತಿದ್ದರು. “ಚಳೀಗೆ ನೆಗಡಿ ಆಗ್ದೆ ಇರುತ್ತಾ? ಹೋದ ವಾರ ನಂಗೂ ಆಗಿತ್ತು, ಹೋಗ್ಲಿಲ್ವಾ? ಸ್ವಲ್ಪ ಹೊಗೆ ಕೊಟ್ರೆ ಸರಿಹೋಗುತ್ತೆ. ಮೂರು ಮಕ್ಕಳನ್ನ ನಾನು ಹಿಂಗೇ ಸಾಕಿದ್ದು.”

ಅಷ್ಟರಲ್ಲಿ ಆಶಾ ಕಾರ್ಯಕರ್ತೆ ಚೈತ್ರ ಲಸಿಕೆಯ ದಿನ ತಿಳಿಸಲು ಬಂದಳು. ಮಗುವನ್ನು ನೋಡಿದವಳೇ ಚಪ್ಪಲಿ ಬಿಟ್ಟು ಒಳಗೆ ಬಂದಳು.

“ಅಜ್ಜಿ, ಮೊದ್ಲು ಆ ಹೊಗೆ ಆಚೆ ಇಡಿ. ಅರುಣಾ, ಮಗು ಅಂಗಿ ಎತ್ತು.”

ಫೋನಿನಲ್ಲಿ ಸಮಯ ನೋಡುತ್ತಾ ಒಂದು ನಿಮಿಷ ಪೂರ್ತಿ ಮಗುವಿನ ಉಸಿರು ಎಣಿಸಿದಳು. ಆ ನಿಮಿಷ ಮುಗಿಯುವುದೇ ಇಲ್ಲವೇನೋ ಎನಿಸಿತು ಅರುಣಾಗೆ.

“ಅರವತ್ತೆಂಟು. ಈ ವಯಸ್ಸಿಗೆ ಐವತ್ತು ಮುಟ್ಟಿದ್ರೇ ಜಾಸ್ತಿ. ನೋಡಿ, ಉಸಿರು ಎಳೆದಾಗೆಲ್ಲ ಪಕ್ಕೆ ಕೆಳಗೆ ಗುಳಿ ಬೀಳ್ತಿದೆ. ಈಗ್ಲೇ ಆಸ್ಪತ್ರೆಗೆ ಹೋಗ್ಬೇಕು.”

“ಸಂಜೆವರೆಗೂ ನೋಡೋಣ ಕಣಮ್ಮ.”

“ಹಾಲೂ ಕುಡೀದೆ, ಸಂಜೆವರೆಗೂ ಹಿಂಗೇ ಏದುಸಿರು ಬಿಡೋಕೆ ಇವ್ನಿಗೆ ಶಕ್ತಿ ಎಲ್ಲಿದೆ ಅಜ್ಜಿ?”

ನಾಗಲಕ್ಷ್ಮಮ್ಮ ಹೊಗೆಯ ಕೆಂಡ ಎತ್ತಿ ಆಚೆ ಇಟ್ಟರು. ಅರುಣಾಳ ಗಂಡ ಯೋಗಾನಂದ ಮಗ್ಗ ನಿಲ್ಲಿಸಿ ಬಂದು 108ಕ್ಕೆ ಫೋನ್ ಮಾಡಿದ.

ಆಸ್ಪತ್ರೆಯಲ್ಲಿ ಅಂಜನ್‌ನ ಮೂಗಿಗೆ ಆಕ್ಸಿಜನ್ ಕೊಳವೆ ಹಾಕಿದರು.

“ಒಳ್ಳೆ ಪವರ್ ಇರೋ ಆಂಟಿಬಯೋಟಿಕ್ ಕೊಟ್ಬಿಡಿ ಮೇಡಂ,” ಎಂದ ಯೋಗಾನಂದ.

“ಇದು ವೈರಸ್ಸಿಂದ ಬಂದಿರೋದು. ವೈರಸ್ಸಿಗೆ ಆ ಔಷಧಿ ನಾಟಲ್ಲ,” ಎಂದರು ಡಾಕ್ಟರು. “ಎದೆ ಒಳಗಿನ ಸಣ್ಣ ಕೊಳವೆಗಳು ಊದ್ಕೊಂಡಿವೆ. ಈಗ ಆಕ್ಸಿಜನ್ ಬೇಕು, ಹೊಟ್ಟೆಗೆ ಹಾಲು ಬೇಕು. ಮನೇಲಿ ಯಾರಿಗಾದ್ರೂ ನೆಗಡಿ ಇತ್ತಾ?”

ನಾಗಲಕ್ಷ್ಮಮ್ಮ ಸೆರಗು ಹಿಂಡುತ್ತಾ ಹೇಳಿದರು: “ನಂಗಿತ್ತು. ಮುದ್ದು ಮಾಡ್ದೆ, ಮುತ್ತು ಕೊಟ್ಟೆ. ನನ್ನ ಮಗೂಗೆ ನಾನೇ...”

“ಬೇಕಂತ ಮಾಡಿದ್ದಲ್ವಲ್ಲಮ್ಮ,” ಎಂದರು ಡಾಕ್ಟರು. “ದೊಡ್ಡೋರ ನೆಗಡಿನೇ ಎಳೆ ಮಕ್ಕಳಿಗೆ ಹಿಂಗಾಗುತ್ತೆ. ಕೆಮ್ಮಿದ್ರೆ, ತೊಳೀದೆ ಇರೋ ಕೈಲಿ ಮುಟ್ಟಿದ್ರೆ ಸಾಕು. ಈ ವಾರ್ಡಲ್ಲೂ ಅಷ್ಟೇ, ಒಂದು ಮಂಚದಿಂದ ಇನ್ನೊಂದಕ್ಕೆ ನಮ್ಮ ಕೈಯೇ ಅದನ್ನ ಹೊತ್ಕೊಂಡು ಹೋಗೋದು.”

ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಇಳಿದು ಮಂಚದ ಮೇಲೆ ಮಲಗಿತ್ತು. ಆಕ್ಸಿಜನ್ ಬಾಟಲಿಯ ನೀರು ಗುಳುಗುಳು ಎನ್ನುತ್ತಿತ್ತು. ಆ ಸದ್ದಿನಲ್ಲೇ ಅರುಣಾಗೆ ಜೊಂಪು ಹತ್ತಿತು. ಮಗು ನೀರಿನ ಮೇಲೆ ಹಗುರಾಗಿ ತೇಲುತ್ತಿರುವಂತೆ, ತಾನು ದಡದಿಂದ ಅದರ ಉಸಿರು ಎಣಿಸುತ್ತಿರುವಂತೆ ಕನಸು. ಎಣಿಕೆ ತಪ್ಪಿದಾಗೆಲ್ಲ ಬೆಚ್ಚಿ ಎಚ್ಚರವಾಗುತ್ತಿತ್ತು. ಪುಟ್ಟ ಎದೆ ಏರುತ್ತಿತ್ತು, ಇಳಿಯುತ್ತಿತ್ತು.

ಮಾರನೆಯ ದಿನ ಅದೇ ವಾರ್ಡಿನ ಆಚೆ ತುದಿಯಲ್ಲಿ ಮಧುರೆ ಹೋಬಳಿ ಕಡೆಯವರ ಹಸುಗೂಸು ಅಳತೊಡಗಿತು. ಅದರ ತಾಯಿ ಸುಸ್ತಾಗಿ ಕೂತಲ್ಲೇ ನಿದ್ದೆಹೋಗಿದ್ದಳು. ಆಗಷ್ಟೇ ಅಂಜನ್‌ನ ಮೂಗು ಒರೆಸಿದ್ದ ನಾಗಲಕ್ಷ್ಮಮ್ಮ ತಡೆಯಲಾರದೆ ಎದ್ದುಹೋಗಿ ಕೈ ಚಾಚಿದರು. ಚಾಚಿದ ಕೈಯನ್ನು ಒಮ್ಮೆ ನೋಡಿಕೊಂಡು ಹಿಂದಕ್ಕೆಳೆದುಕೊಂಡರು.

“ಏ ತಾಯಿ, ಏಳಮ್ಮ, ಕೂಸು ಅಳ್ತಿದೆ,” ಎಂದು ದೂರದಿಂದಲೇ ಕೂಗಿ ಎಬ್ಬಿಸಿದರು. ಆಮೇಲೆ ನಲ್ಲಿಯ ಹತ್ತಿರ ಹೋಗಿ, ಸೋಪು ಹಚ್ಚಿ, ಬೆರಳ ಸಂದಿಯನ್ನೂ ಬಿಡದೆ ಕೈ ತೊಳೆದು, ನರ್ಸ್ ಕೊಟ್ಟ ಮಾಸ್ಕ್ ಹಾಕಿಕೊಂಡರು. ಮಗುವನ್ನು ನೋಡಲು ಬಂದ ನೆಂಟರನ್ನು ಬಾಗಿಲಲ್ಲೇ ತಡೆದರು. “ಮನೆಗೆ ಬಂದ್ಮೇಲೆ ನೋಡೋರಂತೆ. ಅದೂ ನೆಗಡಿ ಇಲ್ದೋರು ಮಾತ್ರ.”

ಐದನೆಯ ದಿನ ಬೆಳಿಗ್ಗೆ ಕೊಳವೆ ತೆಗೆದರು. ಅಂಜನ್ ಕಣ್ಣುಮುಚ್ಚಿ, ಮುಷ್ಟಿ ಬಿಗಿಹಿಡಿದು, ತಾಯಿಯ ಹಾಲನ್ನು ಚಪ್ಪರಿಸಿ ಕುಡಿದ. ಹೊಟ್ಟೆ ತುಂಬಿದ ಮೇಲೆ ಅಜ್ಜಿಯನ್ನು ನೋಡಿ ನಕ್ಕ. ನಾಗಲಕ್ಷ್ಮಮ್ಮ ಮಾಸ್ಕಿನೊಳಗೇ ಅತ್ತರು.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯಲ್ಲೂ ಎಳೆಗೂಸು ಇದ್ದರೆ ನೆಗಡಿ ಕೆಮ್ಮು ಇರುವವರು ಅದರಿಂದ ದೂರವಿರಿ. ದೂರವಿರಲು ಆಗದ ತಾಯಿ ಮಾಸ್ಕ್ ಹಾಕಿ, ಕೈ ತೊಳೆದು ಹಾಲುಣಿಸಲಿ, ಎದೆಹಾಲು ನಿಲ್ಲಿಸಬೇಡಿ. ಹೊಗೆ ಹಾಕಬೇಡಿ. ಮಗು ಹಾಲು ಬಿಟ್ಟರೆ, ಏದುಸಿರು ಬಿಟ್ಟರೆ, ಪಕ್ಕೆ ಕೆಳಗೆ ಗುಳಿ ಬಿದ್ದರೆ, ತುಟಿ ನೀಲಿಯಾದರೆ, ಎಬ್ಬಿಸಿದರೂ ಮಂಕಾಗಿದ್ದರೆ ಸಂಜೆವರೆಗೆ ಕಾಯಬೇಡಿ. ಆಗಲೇ ಆಸ್ಪತ್ರೆಗೆ ಹೊರಡಿ.