ಹಾಲು, ಪೇಪರ್, ಕೇಬಲ್ ಮತ್ತು ವಿಠ್ಠಲವಾಡಿಯ ಹೋಟೆಲ್

ಮೇ ತಿಂಗಳು ಊರಿಗೆ ಹೋಗುವ ಮನೆಯವರು ಹಾಲು ನಿಲ್ಲಿಸಿದರೆ ಸಾವಿರದ ಮುನ್ನೂರು ರೂಪಾಯಿ ಉಳಿಯುತ್ತದೆ. ಪೇಪರ್ ನಿಲ್ಲಿಸಿದರೆ ನೂರೈವತ್ತು. ಕೇಬಲ್ ನಿಲ್ಲಿಸಿದರೆ ಮುನ್ನೂರು. ಇದು 2018ರಲ್ಲಿ ಮುಂಬಯಿ ಹತ್ತಿರದ ಡೊಂಬಿವಲಿಯ ಒಂದು ಮನೆಯ ಲೆಕ್ಕ. ಉಡುಪಿ ಕಡೆಯಿಂದ ಬಂದು ಇಲ್ಲಿ ನೆಲೆಸಿದ ನಮ್ಮವರಲ್ಲಿ ಇದೊಂದು ಪದ್ಧತಿಯೇ ಆಗಿದೆ. ಟಿಕೆಟ್ ಕನ್‌ಫರ್ಮ್ ಆದ ದಿನದಿಂದ ಒಂದೊಂದೇ ಬಂದ್ ಮಾಡುತ್ತ ಬರುತ್ತೇವೆ. ಕೊನೆಗೆ ಗ್ಯಾಸ್ ಬಂದ್ ಮಾಡಿ, ಮೇನ್ ಸ್ವಿಚ್ ಆರಿಸಿ, ಬೀಗವನ್ನು ಇನ್ನೊಮ್ಮೆ ಜಗ್ಗಿ ನೋಡಿ, ರೈಲು ಹಿಡಿಯಲು ಥಾಣೆ ಸ್ಟೇಷನ್ನಿಗೆ ಹೊರಡುತ್ತೇವೆ.

ಆ ಮನೆಯ ಜಯಲತಾ ಈ ಕೆಲಸದಲ್ಲಿ ಬಹಳ ಕಟ್ಟುನಿಟ್ಟು. ಆ ವರ್ಷ ಏಪ್ರಿಲ್ ಕೊನೆಯಲ್ಲಿ ಎಲ್ಲವನ್ನೂ ಬಂದ್ ಮಾಡಿಸಿದ ಮೇಲೆ ಅವರ ಕಣ್ಣು ಟಿ.ವಿ.ಯ ಕೆಳಗಿದ್ದ ಕಪ್ಪು ಡಬ್ಬದ ಮೇಲೆ ಬಿತ್ತು. ಅದು ಕಾಲೇಜಿಗೆ ಹೋಗುವ ಮಗಳು ಅನುಷ್ಕಾಳ ಗೇಮ್ ಆಡುವ ಯಂತ್ರ.

"ಇದಕ್ಕೂ ತಿಂಗಳ ದುಡ್ಡು ಹೋಗ್ತದಲ್ಲ?"

"ಐನೂರು, ಮಮ್ಮಿ. ಆನ್‌ಲೈನ್ ಆಡ್ಲಿಕ್ಕೆ. ಮತ್ತೆ ನಾವು ಆಡಿದ್ದೆಲ್ಲ ಕ್ಲೌಡ್‌ನಲ್ಲಿ ಸೇವ್ ಆಗ್ತದೆ."

"ಊರಲ್ಲಿ ಕೂತು ಆಡ್ತೀಯಾ ನೀನು?"

"ಇಲ್ಲ."

"ಮತ್ತೆ ಐನೂರು ಯಾರಿಗೆ ಧರ್ಮಕ್ಕೆ? ಬಂದ್ ಮಾಡು. ನನ್ನ ಕಾರ್ಡ್ ನಂಬರೂ ಅದರಿಂದ ತೆಗೆ. ನಾವಿಲ್ಲದಾಗ ಯಾರು ಎಂತ ಎಳ್ಕೊಳ್ತಾರೋ ಯಾರಿಗೆ ಗೊತ್ತು."

ಅನುಷ್ಕಾ ತೆಗೆದಳು. ಬಂದ ಮೇಲೆ ಮತ್ತೆ ಶುರು ಮಾಡಿದರಾಯಿತು ಎಂದುಕೊಂಡಳು. ಹಾಲು, ಪೇಪರ್, ಕೇಬಲ್ ಎಲ್ಲವೂ ಹಾಗೆಯೇ ಅಲ್ಲವೇ?

ಆ ಡಬ್ಬದೊಳಗೆ ಏನಿತ್ತು ಎಂದು ಹೇಳಬೇಕು. ಅದರಲ್ಲಿ ಒಂದು ಹೋಟೆಲ್ ಇತ್ತು.

ಅನುಷ್ಕಾಳ ತಂದೆ ಗುಣಪಾಲ ಅವರು ವಿಠ್ಠಲವಾಡಿ ಸ್ಟೇಷನ್ನಿನ ಹತ್ತಿರ ಬಹಳ ವರ್ಷ ಹೋಟೆಲ್ ನಡೆಸಿದ್ದರು. ರಸ್ತೆ ಅಗಲವಾದಾಗ ಅದು ಹೋಯಿತು. ಪರಿಹಾರ ಬಂತು. ಆದರೆ ಅವರ ಮಾತು ನಿಂತುಹೋಯಿತು. ಬೆಳಿಗ್ಗೆ ಎದ್ದು ಬಾಲ್ಕನಿಯಲ್ಲಿ ಕೂತರೆ ಊಟಕ್ಕೆ ಕರೆಯುವವರೆಗೆ ಅಲ್ಲೇ. ಹೋಟೆಲಿನ ಒಂದು ಫೋಟೊ ಕೂಡ ಇರಲಿಲ್ಲ. ದಿನಾ ಕೂರುವ ಜಾಗದ ಫೋಟೊ ಯಾರು ತೆಗೆಯುತ್ತಾರೆ?

ಊರಿಗೆ ಹೋಗುವ ಮುಂಚಿನ ಚಳಿಗಾಲದಲ್ಲಿ ಅವರು ಕಾಲು ಮುರಿದುಕೊಂಡು ಮನೆಯಲ್ಲಿ ಮಲಗಿದ್ದಾಗ, ಅನುಷ್ಕಾ ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟು ಮನೆ ಕಟ್ಟುವ ಒಂದು ಗೇಮ್ ಹಾಕಿ, "ಪಪ್ಪಾ, ನಿಮ್ಮ ಹೋಟೆಲ್ ಕಟ್ಟುವಾ. ಕೌಂಟರ್ ಎಲ್ಲಿತ್ತು?" ಎಂದು ಕೇಳಿದಳು.

"ಬಾಗಿಲಿನ ಎಡಕ್ಕೆ," ಅಂದರು ಗುಣಪಾಲ. ಅವಳು ಇಟ್ಟಳು. ಅವರು ತಲೆ ಅಲ್ಲಾಡಿಸಿದರು. "ಅಲ್ಲಲ್ಲ, ಸ್ವಲ್ಪ ಓರೆ ಮಾಡು. ಕೌಂಟರಿನಲ್ಲಿ ಕೂತವನಿಗೆ ಕೈ ತೊಳೆಯುವ ಜಾಗ ಕಾಣ್ಬೇಕು. ಇಲ್ಲದಿದ್ರೆ ಕೈ ತೊಳೆಯುವ ನೆಪದಲ್ಲಿ ಹಿಂದಿನ ಬಾಗಿಲಿಂದ ಜಾರ್ತಾರೆ."

ಅಂದಿನಿಂದ ಬಾಲ್ಕನಿಯ ಕುರ್ಚಿ ಖಾಲಿಯಾಯಿತು. ಏಪ್ರಿಲ್ ಹೊತ್ತಿಗೆ ಹೋಟೆಲ್ ಮುಗಿದಿತ್ತು. ಹದಿನಾಲ್ಕು ಮೇಜು. ಅಡುಗೆಮನೆಯ ಕಿಂಡಿ. ಬನ್ಸ್ ಇಡುವ ಗಾಜಿನ ಕಪಾಟು. ಪ್ರತಿ ಮೇಜಿಗೂ ಒಂದು ಕಥೆ ಇತ್ತು. ಮೂಲೆಯ ಮೇಜಿನಲ್ಲಿ ಯಾವ ಗಿರಾಕಿ ಒಂದು ಚಹಾ ಹೇಳಿ ಎರಡು ತಾಸು ಕೂರುತ್ತಿದ್ದ, ಕಂಬದ ಹಿಂದಿನ ಮೇಜಿನಲ್ಲಿ ಯಾರ ಮದುವೆ ಮಾತುಕತೆ ಮುರಿದುಬಿತ್ತು, ಎಲ್ಲ ಹೊರಗೆ ಬಂದವು. ಹಳೆಯ ಅಡುಗೆಯವ ಸಂಕರ್ಷಣ ಡಿಸೆಂಬರಿನಲ್ಲಿ ಊರಿನಿಂದ ಬರುವವನಿದ್ದ. ಅವನಿಗೆ ಹೋಟೆಲ್ ತೋರಿಸಬೇಕು ಎಂದು ಗುಣಪಾಲ ಫೋನಿನಲ್ಲಿ ಎರಡೆರಡು ಸಲ ಹೇಳಿಯಾಗಿತ್ತು.

ಜೂನಿನಲ್ಲಿ ಊರಿನಿಂದ ಬಂದರು. ಹಾಲು ಶುರುವಾಯಿತು. ಪೇಪರ್ ಬಂತು. ಕೇಬಲ್ ಬಂತು. ಡಬ್ಬ ಹಾಕಿದರೆ ಹೋಟೆಲ್ ಇದ್ದ ಹಾಗೇ ಇತ್ತು. ಚಂದಾ ಕಟ್ಟದಿದ್ದರೂ ಮನೆಯೊಳಗೆ ಆಡಲು ತೊಂದರೆ ಇರಲಿಲ್ಲ. ಹೀಗಾಗಿ ಚಂದಾದ ನೆನಪು ಯಾರಿಗೂ ಬರಲಿಲ್ಲ.

ಗಣಪತಿ ಹಬ್ಬ ಮುಗಿದ ವಾರ ಡಬ್ಬ ಕೆಟ್ಟಿತು. ಸ್ಟೇಷನ್ ರಸ್ತೆಯಲ್ಲಿ ಮನೀಷ್ ಎಂಬ ಹುಡುಗನ ರಿಪೇರಿ ಅಂಗಡಿ ಇದೆ. ಅವನೂ ಊರಿನ ಕಡೆಯವನೇ. ನಮ್ಮವರ ಸಂಘದ ಕಾರ್ಯಕ್ರಮಕ್ಕೆ ಮೈಕ್ ಜೋಡಿಸುವವನು, ಇವರ ಮನೆಗೂ ಬಂದು ಹೋಗುವವನು. ಒಳಗಿನ ಡಿಸ್ಕ್ ಹೋಗಿದೆ, ಹೊಸದು ಹಾಕಬೇಕು ಎಂದ. "ಡಾಟಾ ಉಳಿಯುದಿಲ್ಲ ಅನುಷ್ಕಾ. ಬ್ಯಾಕಪ್ ಉಂಟಲ್ಲ?" ಎಂದು ಕೇಳಿದ. "ಕ್ಲೌಡ್‌ನಲ್ಲಿ ಉಂಟು," ಎಂದಳು ಅವಳು.

ಹೊಸ ಡಿಸ್ಕ್ ಬಂತು. ಅನುಷ್ಕಾ ಕ್ಲೌಡ್ ತೆರೆಯಲು ಹೋದಳು. ಮೊದಲು ಚಂದಾ ಕಟ್ಟಿ, ಕಾರ್ಡ್ ನಂಬರ್ ಹಾಕಿ ಎಂದಿತು ಪರದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಮಾತಿತ್ತು: ಚಂದಾ ಮುಗಿದ ಆರು ತಿಂಗಳ ನಂತರ ನಿಮ್ಮ ಸೇವ್‌ಗಳನ್ನು ಅಳಿಸಲಾಗುವುದು.

ಜಯಲತಾ ಕನ್ನಡಕ ಏರಿಸಿ ನೋಡಿದರು. "ಇಷ್ಟು ದಿನ ಕೇಳದ ಕಾರ್ಡ್ ನಂಬರು ಮನೀಷನ ಕೈಗೆ ಹೋಗಿ ಬಂದ ಮೇಲೆ ಯಾಕೆ ಕೇಳ್ತದೆ?"

"ಮಮ್ಮಿ, ಕಾರ್ಡ್ ತೆಗೆಸಿದ್ದು ನೀನೇ."

"ತೆಗೆಸಿದ್ದು ಒಳ್ಳೇದೇ ಆಯ್ತು. ಇಲ್ಲದಿದ್ರೆ ಈಗ ಅವನ ಕೈಯಲ್ಲಿರ್ತಿತ್ತು."

"ಆರು ತಿಂಗಳಲ್ಲಿ ಅಳಿಸ್ತಾರಂತೆ. ಓದು ಇಲ್ಲಿ."

"ಓದಿದೆ. ಅವಸರ ಮಾಡುವವರೆಲ್ಲ ಹೀಗೇ ಹೆದರಿಸುದು. ಮೂರನೇ ಮಾಳಿಗೆಯ ಚಂದ್ರಬಾಯಿಗೆ ಹೇಗಾಯ್ತು? ಕಾರ್ಡ್ ಬ್ಲಾಕ್ ಆಗ್ತದೆ, ಈಗಲೇ ನಂಬರ್ ಹೇಳಿ ಅಂತ ಫೋನ್ ಬಂತು. ಹೇಳಿದ್ಲು. ಮೊಮ್ಮಗಳ ಫೀಸಿನ ದುಡ್ಡು ಹೋಯ್ತು."

ಜಯಲತಾ ಹೇಳಿದ್ದು ಸುಳ್ಳಲ್ಲ. ಆ ವರ್ಷಗಳಲ್ಲಿ ಅಂಥ ಫೋನು ಬಾರದ ಮನೆ ಈ ಕಡೆ ಕಡಿಮೆ. ಅನುಮಾನ ಪಡುವುದು ತಪ್ಪಲ್ಲ. ಆದರೆ ಅನುಮಾನ ಬಂದ ಮೇಲೆ ತಿಳಿದವರನ್ನು ಕೇಳಬೇಕು. ಅವರು ಕೇಳಲು ಹೋಗಲಿಲ್ಲ, ಜಗಳಕ್ಕೆ ಹೋದರು.

"ಹಳೆಯ ಡಿಸ್ಕ್ ಎಲ್ಲಿ?" ಎಂದರು ಮನೀಷನ ಅಂಗಡಿಯಲ್ಲಿ ನಿಂತು.

"ಅದು ಸತ್ತುಹೋಗಿತ್ತು ಆಂಟಿ. ಗುಜರಿಯವನಿಗೆ ಹಾಕಿದೆ."

"ನಮ್ಮ ವಸ್ತು. ನಮ್ಮನ್ನು ಕೇಳದೆ ಗುಜರಿಗೆ?"

"ತಪ್ಪಾಯ್ತು ಆಂಟಿ, ಕೇಳ್ಬೇಕಿತ್ತು. ಆದ್ರೆ ಅದ್ರಲ್ಲಿ ಎಂತ ಇರ್ಲಿಲ್ಲ. ಕ್ಲೌಡ್‌ನಲ್ಲಿ ಉಂಟಂತಲ್ಲ, ಚಂದಾಕ್ಕೆ ಕಾರ್ಡೇ ಬೇಕಂತಿಲ್ಲ, ನನ್ನ ಹತ್ರ..."

"ನಿನ್ನ ಹತ್ರ ಇನ್ನೇನೂ ಬೇಡ ಮಾರಾಯ. ನಮ್ಮವನು ಅಂತ ಕೊಟ್ಟದ್ದಕ್ಕೆ ಇಷ್ಟು ಸಾಕು."

ಅಂಗಡಿಯಲ್ಲಿ ಬೇರೆ ಗಿರಾಕಿಗಳಿದ್ದರು. ಮನೀಷ್ ತಲೆ ತಗ್ಗಿಸಿ ಸ್ಕ್ರೂ ಡ್ರೈವರ್ ಕೈಗೆತ್ತಿಕೊಂಡ.

ಮನೆಯಲ್ಲೂ ಅನುಮಾನ ಹಬ್ಬಿತು. ಅವನು ಹೋಟೆಲನ್ನು ಯಾರಿಗಾದರೂ ಮಾರಿರಬಹುದೇ ಎಂದು ಗುಣಪಾಲರಿಗೆ ಅನಿಸಿತು. ಇಲ್ಲದ ಹೋಟೆಲನ್ನು ಯಾರು ಕೊಳ್ಳುತ್ತಾರೆ ಎಂದು ಅನುಷ್ಕಾ ಕೇಳಿದರೆ, "ಇದ್ದಾಗಲೇ ಎಷ್ಟು ಜನ ಕಣ್ಣು ಹಾಕಿದ್ರು, ನಿನಗೆಂತ ಗೊತ್ತು," ಎಂದರು. ಜಯಲತಾ ಮಗಳ ಫೋನನ್ನೂ ಎರಡು ಸಲ ತೆರೆದು ನೋಡಿದರು. ಡಬ್ಬದ ಮೇಲೆ ಬಟ್ಟೆ ಮುಚ್ಚಿದರು. ಗುಣಪಾಲ ಮತ್ತೆ ಬಾಲ್ಕನಿಗೆ ಹೋಗಿ ಕೂತರು. ನವರಾತ್ರಿ ಕಳೆಯಿತು. ಅಕ್ಟೋಬರ್ ಕಳೆಯಿತು.

ದೀಪಾವಳಿಯ ಹೊತ್ತಿಗೆ ತೃಪ್ತಿ ಫರಾಳದ, ಅಂದರೆ ಹಬ್ಬದ ತಿಂಡಿಗಳ, ತಟ್ಟೆ ಹಿಡಿದು ಬಂದಳು. ಅವಳು ಎದುರು ಮನೆಯವಳು. ಐರೋಲಿಯ ಒಂದು ಆಫೀಸಿನಲ್ಲಿ ಗಿರಾಕಿಗಳ ದೂರು ಕೇಳುವ ಕೆಲಸ. ದಿನವಿಡೀ ಫೋನಿನಲ್ಲಿ ಬೈಗುಳ ತಿಂದು, ಬೈದವರಿಗೇ ದಾರಿ ಹೇಳುವವಳು. ಚಕ್ಕುಲಿ ತಿನ್ನುತ್ತ ಜಯಲತಾ ಎಲ್ಲ ಹೇಳಿದರು. ತೃಪ್ತಿ ಎದ್ದು ಡಬ್ಬದ ಮೇಲಿನ ಬಟ್ಟೆ ತೆಗೆದಳು.

"ಜಯಕ್ಕ, ಚಂದಾ ಯಾವಾಗ ಬಂದ್ ಮಾಡಿದ್ದು?"

"ಊರಿಗೆ ಹೋಗುವ ಮೊದಲು. ಏಪ್ರಿಲ್ ಕೊನೆ. ಕೇಬಲ್ ಜೊತೆಗೆ."

"ಕೇಬಲ್ ಬಂದ್ ಮಾಡಿದಾಗ ಕೇಬಲಿನವನ ಹತ್ರ ನಿಮ್ಮದು ಎಂತಾದ್ರೂ ಇರ್ತದಾ?"

"ಅವನ ಹತ್ರ ನಮ್ಮದು ಎಂತ ಇರ್ತದೆ? ದುಡ್ಡು ಇಲ್ಲ, ಪಿಕ್ಚರ್ ಇಲ್ಲ. ಅಷ್ಟೇ."

"ಹಾಲಿನವನ ಹತ್ರ?"

"ಇಲ್ಲ."

"ಇದು ಹಾಗಲ್ಲ ಅಕ್ಕ. ಇವರ ಹತ್ರ ನಿಮ್ಮ ಹೋಟೆಲ್ ಇತ್ತು. ರೈಲ್ವೆ ಸ್ಟೇಷನ್ನಿನಲ್ಲಿ ಲಗೇಜ್ ಇಡುವ ಕೋಣೆ ಉಂಟಲ್ಲ, ಹಾಗೆ ಇದು. ಬಾಡಿಗೆ ಕೊಡುವವರೆಗೆ ಇಟ್ಕೊಳ್ತಾರೆ. ಬಾಡಿಗೆ ನಿಂತ್ರೆ ಸ್ವಲ್ಪ ಸಮಯ ಕಾಯ್ತಾರೆ. ಆಮೇಲೆ ಹೊರಗೆ ಹಾಕ್ತಾರೆ."

"ಹಾಗಾದ್ರೆ ಆ ಹೆದರಿಸಿದ್ದು ನಿಜವಾ?"

"ಆರು ತಿಂಗಳು ಅಂದದ್ದು ನಿಜ."

ಜಯಲತಾ ಬೆರಳು ಮಡಚಿದರು. ಮೇ, ಜೂನ್, ಜುಲೈ, ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್. ಆರೂ ಮುಗಿದಿದ್ದವು.

ಬಾಲ್ಕನಿಯಿಂದ ಗುಣಪಾಲ ಕೇಳಿದರು, "ಈಗ ದುಡ್ಡು ಕಟ್ಟಿದ್ರೆ?"

"ನೋಡುವಾ ಅಣ್ಣ. ಕೆಲವರು ದಿನ ಸ್ವಲ್ಪ ಹೆಚ್ಚು ಇಟ್ಟಿರ್ತಾರೆ."

"ಆದ್ರೆ ಕಾರ್ಡ್ ಮಾತ್ರ ಹಾಕುದಿಲ್ಲ," ಎಂದರು ಜಯಲತಾ.

"ಹಾಕ್ಬೇಡಿ. ಅಂಗಡಿಯಲ್ಲಿ ನಗದು ಕೊಟ್ರೆ ಒಂದು ಕೋಡ್ ಕೊಡ್ತಾರೆ, ಮೊಬೈಲ್ ರೀಚಾರ್ಜ್ ಕಾರ್ಡಿನ ಹಾಗೆ. ಅದನ್ನು ಹಾಕಿದ್ರಾಯ್ತು. ಕಾರ್ಡೂ ಬೇಡ, ಬ್ಯಾಂಕೂ ಬೇಡ."

"ಎಲ್ಲಿ ಸಿಗ್ತದೆ ಅದು?"

ತೃಪ್ತಿ ಡಬ್ಬದಿಂದ ತೆಗೆದ ಬಟ್ಟೆಯನ್ನು ಮಡಚಿದಳು. "ನಮ್ಮ ಕಡೆ ಮನೀಷನ ಹತ್ರ ಮಾತ್ರ, ಅಕ್ಕ."

ಜಯಲತಾ ಸೀರೆ ಬದಲಿಸಿ ಹೊರಟರು. ಜೊತೆಗೆ ಅನುಷ್ಕಾ. ಮನೀಷ್ ಏನೂ ಕೇಳದೆ ಕೋಡ್ ಇದ್ದ ಚೀಟಿ ಕೊಟ್ಟ, ಐನೂರು ತೆಗೆದುಕೊಂಡ.

"ಅವತ್ತೇ ಹೇಳ್ಬಹುದಿತ್ತಲ್ಲ ನೀನು," ಎಂದರು ಜಯಲತಾ, ಮೆಲ್ಲಗೆ.

"ಹೇಳ್ಲಿಕ್ಕೆ ಬಿಡ್ಲಿಲ್ಲ ನೀವು, ಆಂಟಿ."

ಮನೆಗೆ ಬಂದು ಕೋಡ್ ಹಾಕಿದರು. ಗುಣಪಾಲ ಬಂದು ಸೋಫಾದ ತುದಿಯಲ್ಲಿ ಕೂತರು. ಕ್ಲೌಡ್ ತೆರೆಯಿತು. ಅಲ್ಲಿ ಒಂದೂ ಸೇವ್ ಇರಲಿಲ್ಲ.

ತೃಪ್ತಿ ಕಂಪನಿಗೂ ಬರೆದು ಕೇಳಿದಳು. ಅಳಿಸಿದ್ದನ್ನು ತರಲು ಬರುವುದಿಲ್ಲ ಎಂಬ ಉತ್ತರ ಬಂತು.

"ಅನುಮಾನ ಪಟ್ಟದ್ದು ನನ್ನ ತಪ್ಪಾ ತೃಪ್ತಿ?" ಎಂದು ಕೇಳಿದರು ಜಯಲತಾ.

"ಇಲ್ಲ ಅಕ್ಕ. ಅನುಮಾನ ಇರ್ಲಿ. ಆದ್ರೆ ಅದನ್ನು ಏಪ್ರಿಲಿನಲ್ಲಿ ಪಡ್ಬೇಕಿತ್ತು. ಬಂದ್ ಮಾಡಿದ್ರೆ ನಮ್ಮದೆಂತ ಹೋಗ್ತದೆ ಅಂತ ಆವತ್ತು ಕೇಳಿದ್ರೆ, ಅನುಷ್ಕಾ ಒಂದು ಪೆನ್‌ಡ್ರೈವ್‌ಗೆ ಕಾಪಿ ಮಾಡಿ ಕಪಾಟಿನಲ್ಲಿಡ್ತಿದ್ಲು. ನಾಲ್ಕು ನಿಮಿಷದ ಕೆಲಸ. ಆಮೇಲೆ ಚಂದಾ ಬಂದ್ ಮಾಡಿ ಐನೂರು ಉಳಿಸಿದ್ರೂ ನಷ್ಟ ಇರ್ಲಿಲ್ಲ."

ಈಗ ಆ ಮನೆಯಲ್ಲಿ ಹೊಸ ಪದ್ಧತಿ ಬಂದಿದೆ. ಭಾನುವಾರ ಗೇಮ್ ಮುಗಿಸಿದ ಮೇಲೆ ಅನುಷ್ಕಾ ಪೆನ್‌ಡ್ರೈವ್ ಹಾಕುತ್ತಾಳೆ. ಜಯಲತಾ ಪಕ್ಕದಲ್ಲೇ ನಿಂತು, "ಬಂತಾ? ತೆರೆದು ತೋರಿಸು," ಎನ್ನುತ್ತಾರೆ. ತೆರೆದು ತೋರಿಸುವವರೆಗೆ ನಂಬುವುದಿಲ್ಲ. ಬೀಗ ಜಗ್ಗಿ ನೋಡುವ ಕೈ ಅದು. ಊರಿಗೆ ಹೋಗುವಾಗ ಆ ಪೆನ್‌ಡ್ರೈವ್ ಚಿನ್ನದ ಡಬ್ಬಿಯ ಜೊತೆ ಹೋಗುತ್ತದೆ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ತಿಂಗಳ ಚಂದಾದ ವಸ್ತುಗಳಿರಬಹುದು. ಗೇಮ್ ಇರಬಹುದು, ಫೋಟೊ ಇಡುವ ಜಾಗ ಇರಬಹುದು. ದುಡ್ಡು ಉಳಿಸಲು ಬಂದ್ ಮಾಡುವುದಾದರೆ ಮಾಡಿ. ಆದರೆ ಅದಕ್ಕೆ ಮೊದಲು ಒಂದೇ ಒಂದು ಪ್ರಶ್ನೆ ಕೇಳಿ: ನನ್ನದೇನಾದರೂ ಇವರ ಕೈಯಲ್ಲಿ ಇದೆಯೇ? ಇದ್ದರೆ ಮೊದಲು ಅದರ ಒಂದು ಪ್ರತಿ ಮನೆಗೆ ತನ್ನಿ. ಎಲ್ಲ ಯಂತ್ರಗಳಲ್ಲೂ ಪೆನ್‌ಡ್ರೈವ್‌ಗೆ ತೆಗೆಯಲು ಬರುವುದಿಲ್ಲ. ನಿಮ್ಮದರಲ್ಲಿ ಬರುತ್ತದೆಯೇ ಎಂದು ಮಕ್ಕಳಿಂದ ಕೇಳಿ ತಿಳಿಯಿರಿ. ಚಂದಾ ನಿಂತ ಮೇಲೆ ಎಷ್ಟು ದಿನ ಇಟ್ಟುಕೊಳ್ಳುತ್ತಾರೆ ಎಂಬುದು ಒಂದೊಂದು ಕಂಪನಿಯಲ್ಲಿ ಒಂದೊಂದು ರೀತಿ. ಅದನ್ನು ಓದಿ, ಆ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಫೋನಿನಲ್ಲಿ ಕೇಳಿದವರಿಗೆ ಕಾರ್ಡ್ ನಂಬರ್ ಕೊಡಬೇಡಿ, ಅದು ಸರಿಯೇ. ಆದರೆ ಅನುಮಾನ ಬಂದರೆ ಬಾಯಿ ಕಟ್ಟಿಕೊಂಡು ಕೂರಬೇಡಿ. ಎದುರು ಮನೆಯವರನ್ನು ಕೇಳಿ. ರಿಪೇರಿಯವನನ್ನು ಕೇಳಿ, ಅವನ ಮಾತು ಮುಗಿಯುವವರೆಗೆ ನಿಲ್ಲಿ.

ಡಿಸೆಂಬರಿನಲ್ಲಿ ಸಂಕರ್ಷಣ ಬಂದ. ಅಷ್ಟರಲ್ಲಿ ಅಪ್ಪ ಮಗಳು ಎರಡನೆಯ ಸಲ ಕಟ್ಟಲು ಶುರು ಮಾಡಿದ್ದರು. ಅಡುಗೆಮನೆಯ ಕಿಂಡಿ ನೋಡಿ ಅವನು, "ಇನ್ನೂ ಸ್ವಲ್ಪ ಕೆಳಗೆ, ಧಣಿ. ನಾನು ಬಗ್ಗಿಯೇ ಪ್ಲೇಟ್ ಕೊಡ್ತಿದ್ದದ್ದು," ಎಂದ. ಗುಣಪಾಲ ನಕ್ಕರು. ಕಂಬದ ಹಿಂದಿನ ಮೇಜು ಯಾವ ಕಡೆಗಿತ್ತು ಎಂದು ಅನುಷ್ಕಾ ಕೇಳಿದಾಗ ಮಾತ್ರ ನೆನಪಿಗೆ ಬರದೆ, "ಇರ್ಲಿ ಮಗಾ, ಎಲ್ಲಾದ್ರೂ ಹಾಕು," ಎಂದರು.

ಊರಿಗೆ ಹೋದ ತಿಂಗಳು ಉಳಿಸಿದ್ದು ಐನೂರು ರೂಪಾಯಿ. ಅದೂ ಕೋಡಿಗೆ ಹೋಯಿತು. ಮನೀಷ್ ಈಗ ರಿಪೇರಿ ಮಾಡಿಕೊಡುತ್ತಾನೆ, ಮನೆಗೆ ಬರುವುದಿಲ್ಲ. ಮೊದಲ ಹೋಟೆಲಿನಲ್ಲಿ ಹದಿನಾಲ್ಕು ಮೇಜುಗಳಿದ್ದವು. ಎರಡನೆಯದರಲ್ಲಿ ಒಂಬತ್ತು.