ತಲೆಯೆತ್ತದ ನ್ಯಾಯಾಧೀಶರು

“ಸರ್, ಬರೀಬೇಡಿ. ಸಾಕ್ಷಿ ಮುಖ ನೋಡಿ,” ಎಂದು ನಿರ್ದೇಶಕ ಮೂರನೆಯ ಸಲ ಹೇಳಿದ.

ಪೀಠದ ಮೇಲೆ ಕೂತಿದ್ದ ನಿವೃತ್ತ ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು. ಕ್ಯಾಮರಾ ಓಡಿತು. ಕಟಕಟೆಯಲ್ಲಿದ್ದ ಹೆಂಗಸು ಅಳುತ್ತ ಮಾತು ಶುರು ಮಾಡಿದಳು. ಎರಡು ವಾಕ್ಯ ಮುಗಿಯುವಷ್ಟರಲ್ಲಿ ಅವರ ಕೈ ತಾನಾಗಿ ಪೆನ್ನಿಗೆ ಹೋಯಿತು, ತಲೆ ಕಾಗದದತ್ತ ಬಗ್ಗಿತು.

“ಕಟ್.”

ಪ್ಲೈವುಡ್ ಗೋಡೆಯ ಹಿಂದೆ ನಿಂತಿದ್ದ ಮುದುಕ ನಟನಿಗೆ ಒಳಗೊಳಗೇ ಹಿತವಾಯಿತು. ಹಿತವಾಯಿತಲ್ಲ ಎಂದು ಕಸಿವಿಸಿಯೂ ಆಯಿತು. ಹೊಸ ಗೂಟಕ್ಕೆ ಕಟ್ಟಿದ ಎತ್ತಿನ ಹಾಗೆ ಬೆಳಗಿನಿಂದ ಅವನು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಎರಡು ಸಲ ಟೀ ತರಿಸಿ ಎರಡನ್ನೂ ಆರಲು ಬಿಟ್ಟಿದ್ದ.

ಹನ್ನೊಂದು ವರ್ಷದಿಂದ ಈ ಧಾರಾವಾಹಿಯ ನ್ಯಾಯಾಧೀಶ ಅವನೇ. ಓದಿದ್ದು ಏಳನೇ ಕ್ಲಾಸು. ಗಂಟಲು ಗಟ್ಟಿ, ಹುಬ್ಬು ದಪ್ಪ; ಅಷ್ಟೇ ಸಾಕಾಗಿತ್ತು. ಸೆಟ್ಟಿನವರೆಲ್ಲ ಅವನನ್ನು ‘ಮಹಾಸ್ವಾಮಿ’ ಅಂತಲೇ ಕರೆಯುತ್ತಿದ್ದರು. ಈಗ ಚಾನೆಲ್ಲಿನವರಿಗೆ ನಿಜವಾದ ನ್ಯಾಯಾಧೀಶರನ್ನೇ ಕೂರಿಸುವ ಆಸೆ ಹುಟ್ಟಿತ್ತು. ಇವತ್ತು ಪರೀಕ್ಷೆ. ಇವರು ಗೆದ್ದರೆ ಸೋಮವಾರದಿಂದ ಮುದುಕನಿಗೆ ಕೆಲಸವಿಲ್ಲ. ಸೋತರೆ ಕುರ್ಚಿ ಅವನದೇ.

ನಿರ್ದೇಶಕ ಗೋಡೆಯ ಹಿಂದಕ್ಕೆ ಬಂದ. “ಅಂಕಲ್, ಹತ್ತು ನಿಮಿಷ ಬ್ರೇಕ್ ಕೊಡ್ತೀನಿ. ಅವರಿಗೆ ಸ್ವಲ್ಪ ಹೇಳ್ಕೊಡಿ.”

“ನಾನಾ? ಜಡ್ಜಿಗಾ?”

“ಜಡ್ಜ್ ಕೆಲಸ ಅವರಿಗೆ ಗೊತ್ತು. ಜಡ್ಜ್ ಥರ ಕಾಣೋದು ನಿಮಗಲ್ವಾ ಗೊತ್ತಿರೋದು?”

ಮುದುಕ ಪೀಠದ ಮೆಟ್ಟಿಲು ಹತ್ತಿದ. ಕಾಲಿಗೆ ಅಭ್ಯಾಸವಾದ ಮೆಟ್ಟಿಲು. ಆದರೆ ಮೇಲಿದ್ದ ಕುರ್ಚಿ ಖಾಲಿಯಿರಲಿಲ್ಲ. ಪಕ್ಕದ ಸ್ಟೂಲೆಳೆದು ಕೂತ.

“ನೀವು ಬರೀರಿ, ಸ್ವಾಮಿ,” ಎಂದ. “ಅದೇ ಸಹಜವಾಗಿ ಕಾಣುತ್ತೆ. ಈ ಹುಡುಗ್ರ ಮಾತು ಕೇಳ್ಬೇಡಿ.”

ಹೇಳಿದ ಮೇಲೆ ಅವರ ಮುಖ ನೋಡಲಾಗದೆ ಅಂಗಿಯ ಗುಂಡಿ ತಿರುವತೊಡಗಿದ.

ನಿವೃತ್ತರು ನಕ್ಕರು. “ಇಷ್ಟು ವರ್ಷದಲ್ಲಿ ಎಷ್ಟು ಜನಕ್ಕೆ ಗಲ್ಲು ಹಾಕಿದ್ದೀರಿ?”

“ಲೆಕ್ಕ ಇಟ್ಟಿಲ್ಲ. ಮಳೆಗಾಲದಲ್ಲಿ ಸ್ವಲ್ಪ ಜಾಸ್ತಿ. ಹೊರಗಡೆ ಶೂಟಿಂಗ್ ಆಗಲ್ಲ ನೋಡಿ, ಎಲ್ಲಾ ಕೋರ್ಟೊಳಗೇ ಮುಗಿಸ್ತಾರೆ.”

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ನಿಂತ ಮೇಲೂ ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳವನ್ನು ತೆಗೆಯುತ್ತ ಹಾಕುತ್ತ ಕೂತರು.

“ನಾನು ಒಬ್ಬನಿಗೆ. ಅವನ ತಾಯಿ ಎದುರಿನ ಬೆಂಚಲ್ಲೇ ಕೂತಿದ್ಲು. ನೋಡಿದ್ರೆ ನನ್ನ ದನಿ ಹೋಗುತ್ತೆ ಅನ್ನಿಸ್ತು. ಬರೀತಾ ಕೂತೆ. ಬರಿಯೋಕೆ ಏನೂ ಇರ್ಲಿಲ್ಲ, ಸುಮ್ನೆ ಗೀಚಿದ್ದು. ಆಮೇಲೆ ಅದೇ ರೂಢಿ ಬಿದ್ದುಹೋಯ್ತು. ರಿಟೈರ್ ಆಗೋ ತನಕ ಒಬ್ರ ಮುಖಾನೂ ನೆಟ್ಟಗೆ ನೋಡ್ಲಿಲ್ಲ.”

ಮುದುಕ ಗುಂಡಿ ತಿರುವುವುದನ್ನು ಬಿಟ್ಟ.

“ಮನೆಯವಳು ಬೇಡ ಅಂದ್ಲು, ನಗೆಪಾಟಲಾಗ್ತೀರಿ ಅಂತ. ಒಂದು ಸಲನಾದ್ರೂ ತಲೆ ಎತ್ತಿ ಕೂರೋಣ ಅಂತ ಬಂದೆ. ಇದು ಸುಳ್ಳು ಕೋರ್ಟು ಅಂತ ಗೊತ್ತು. ಆದ್ರೂ ಆಗ್ತಿಲ್ಲ.”

ಕೆಳಗೆ ಯಾರೋ ದೀಪ ಸರಿಸುತ್ತಿದ್ದರು. ಮುದುಕ ಎದ್ದ, ಎರಡು ಮೆಟ್ಟಿಲಿಳಿದ, ನಿಂತ. ಹಾಗೇ ಹೋಗಿಬಿಟ್ಟಿದ್ದರೂ ಅವನನ್ನು ಯಾರೂ ಕೇಳುತ್ತಿರಲಿಲ್ಲ. ಮತ್ತೆ ಹತ್ತಿ ಬಂದ.

“ಆಗ ಹೇಳಿದ್ದು ಬಿಡಿ. ಪೆನ್ನು ಕೊಡಿ ಇಲ್ಲಿ,” ಎಂದು ಅದನ್ನು ತನ್ನ ಜೇಬಿಗೆ ಹಾಕಿಕೊಂಡ. “ಎರಡೂ ಕೈಯನ್ನ ತೊಡೆ ಕೆಳಗಿಟ್ಟು, ಅದರ ಮೇಲೇ ಕೂತ್ಕೊಳ್ಳಿ. ಮೇಜು ಅಡ್ಡ ಇರುತ್ತೆ, ಕಾಣಲ್ಲ. ಮೊದಲನೇ ವರ್ಷ ಪೂರ್ತಿ ನಾನು ಹಂಗೇ ಕೂತಿದ್ದು.”

“ಕಣ್ಣು?”

“ಆ ದೀಪದ ಕಂಬಕ್ಕೆ ಬಿಳಿ ಟೇಪ್ ಸುತ್ತಿದೆಯಲ್ಲ, ಅದನ್ನ ನೋಡಿ. ಉಸಿರು ಸರಿಹೋದ ಮೇಲೆ ಅವಳನ್ನ ನೋಡಿ. ಅವಸರ ಇಲ್ಲ. ಅವಳಿಗೆ ದೊಡ್ಡ ಡೈಲಾಗಿದೆ.”

ಕ್ಯಾಮರಾ ಓಡಿತು. ಹೆಂಗಸು ಅತ್ತಳು. ನ್ಯಾಯಾಧೀಶರ ಭುಜ ಒಮ್ಮೆ ಅಲುಗಿತು. ಕೈ ಮೇಲೆ ಬರಲಿಲ್ಲ. ಕಂಬದ ಮೇಲಿದ್ದ ಕಣ್ಣು ನಿಧಾನವಾಗಿ ಇಳಿದು ಅವಳ ಮುಖಕ್ಕೆ ಬಂತು. ಅಲ್ಲೇ ನಿಂತಿತು. ಮಾತು ಮುಗಿದ ಮೇಲೂ ಅವರು ನೋಡುತ್ತಲೇ ಇದ್ದರು. ‘ಕಟ್’ ಅನ್ನಲು ನಿರ್ದೇಶಕನಿಗೆ ನೆನಪಾಗಲಿಲ್ಲ.

ಆಮೇಲೆ ಗದ್ದಲವೋ ಗದ್ದಲ. ಯಾರೋ ಚಾನೆಲ್ಲಿಗೆ ಫೋನು ಹಚ್ಚಿದರು. ಮುದುಕ ಹಿಂದಿನ ಓಣಿ ಹಿಡಿದು ಉಡುಪಿನ ಕೋಣೆಗೆ ಬಂದ. ಆಗಲೇ ಕರಿ ಗೌನು ಅಲ್ಲಿಗೆ ಬಂದಿತ್ತು. ಹೊಸಬರು ಉದ್ದ ಆಸಾಮಿ. ತೋಳು ಮಣಿಕಟ್ಟಿಗಿಂತ ನಾಲ್ಕು ಬೆರಳು ಮೇಲಿತ್ತಂತೆ. ಉಡುಪಿನ ಹೆಂಗಸು ಬ್ಲೇಡು ಹಿಡಿದು ಒಳಮಡಿಕೆಯ ಹೊಲಿಗೆ ಬಿಚ್ಚುತ್ತಿದ್ದಳು.

“ಅವಾಗ ನಿಮಗೆ ಅಂತ ಎಷ್ಟು ಒಳಗೆ ಮಡಚಿದ್ದೀನಿ ನೋಡಿ, ಮಹಾಸ್ವಾಮಿ. ಬಟ್ಟೆ ಜಾರುತ್ತೆ, ಈ ತುದಿ ಸ್ವಲ್ಪ ಹಿಡ್ಕೊಳ್ತೀರಾ?”

ಅವನು ಬಗ್ಗಿ ಹಿಡಿದುಕೊಂಡ. ನೂಲು ಒಂದೊಂದಾಗಿ ಕಿತ್ತು ಬಂತು. ತೋಳಿನ ಹೊರಮೈ ದೀಪದ ಬಿಸಿಗೆ ಕಂದು ತಿರುಗಿತ್ತು. ಮಡಿಕೆಯೊಳಗಿಂದ ನಾಲ್ಕು ಬೆರಳಗಲದ ಬಟ್ಟೆ ಹೊರಬಿತ್ತು, ಅಂಗಡಿಯಿಂದ ಈಗಷ್ಟೇ ತಂದ ಹಾಗೆ ಕಪ್ಪಗೆ. ಬ್ಲೇಡು ತಪ್ಪದಿರಲೆಂದು ಅವನು ತುದಿಯನ್ನು ಇನ್ನಷ್ಟು ಬಿಗಿಯಾಗಿ ಎಳೆದು ಹಿಡಿದ.